ಮೂರು ಬಾಲದವರ ಮನೆ

ಆ ಊರಿನಲ್ಲಿ ಕಲ್ಲು ಮಗುಚದೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಬಾಣಂತಿ ಕುಡಿಯುತ್ತಿರಲಿಲ್ಲ, ಮದುಮಗ ಕುಡಿಯುತ್ತಿರಲಿಲ್ಲ, ಜ್ವರದಲ್ಲಿ ನಾಲಗೆ ಒಣಗಿದವನೂ ಕುಡಿಯುತ್ತಿರಲಿಲ್ಲ. ಬೆಳಗಾದರೆ ಹೆಂಗಸರು ಖಾಲಿ ಕೊಡ ಹಿಡಿದು ಹೊಳೆಯ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಗಂಡಸರು ಅವರ ಹಿಂದೆ ನಿಂತು ಆಕಳಿಸುತ್ತಿದ್ದರು. ಆಗ ಕಲ್ಲು ಮಗುಚುವವಳು ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ ನೀರಿಗೆ ಇಳಿಯುತ್ತಿದ್ದಳು.

ಹೊಳೆಯ ನಡುವೆ ರೊಟ್ಟಿ ಹಂಚಿನಷ್ಟು ಅಗಲದ ಒಂದು ಕಪ್ಪು ಕಲ್ಲಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿ ಅದರ ಹೊಟ್ಟೆ ನೋಡುತ್ತಿದ್ದಳು. ಕಲ್ಲಿನ ಹೊಟ್ಟೆಗೆ ಹುಳಗಳು ಅಂಟಿಕೊಂಡಿರುತ್ತಿದ್ದವು. ಭತ್ತದ ಕಾಳಿನಷ್ಟು ಉದ್ದ, ಚಪ್ಪಟೆ ಮೈ, ಆರು ಕಾಲು, ಹಿಂದೆ ಕೂದಲೆಳೆಯಂಥ ಮೂರು ಬಾಲ. ಬೆಳಕು ಬಿದ್ದ ಕೂಡಲೇ ನೆರಳು ಹುಡುಕಿ ಓಡುತ್ತಿದ್ದವು.

"ಮೂರು ಬಾಲದವರು ಮನೆಯಲ್ಲಿದ್ದಾರೆ!" ಎಂದು ಅವಳು ಕೂಗುತ್ತಿದ್ದಳು.

"ಹಾಗಾದರೆ ನಾವೂ ಇದ್ದೇವೆ!" ಎಂದು ಊರು ಕೂಗುತ್ತಿತ್ತು.

ಆಮೇಲೆ ಅವಳು ಕಲ್ಲನ್ನು ಮೊದಲಿದ್ದ ಹಾಗೆಯೇ ಇಡುತ್ತಿದ್ದಳು, ಒಂದು ಬೆರಳು ಆಚೆಗಿಲ್ಲ, ಒಂದು ಬೆರಳು ಈಚೆಗಿಲ್ಲ. ಮನೆ ತೆರೆದವಳೇ ಮನೆ ಮುಚ್ಚಬೇಕು. ಕಲ್ಲು ಕೂತ ಮೇಲೆ ಕೊಡಗಳು ನೀರಿಗೆ ಇಳಿಯುತ್ತಿದ್ದವು.

ಕಲ್ಲಿನ ಕೆಳಗೆ ಮೂರು ಬಾಲದವರು ಕಾಣದಿದ್ದರೆ "ಮನೆ ಖಾಲಿ" ಎಂದು ಕೂಗಬೇಕು. ಆಗ ಊರು ಎದುರು ಮಾತಾಡುವ ಹಾಗಿಲ್ಲ. ಕೊಡ ಎತ್ತಿಕೊಂಡು ಗುಡ್ಡದ ಒರತೆಗೆ ನಡೆಯಬೇಕು. ಹೋಗಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತದೆ. ಈಗಿನವಳ ಅತ್ತೆ ಕಲ್ಲು ಮಗುಚುತ್ತಿದ್ದ ಕಾಲದಲ್ಲಿ ಹಾಗೆ ಕೂಗಿದ್ದು ಎರಡೇ ಸಲ. ಒಂದು ಸಲ ಮೇಲುಗಡೆ ಎಮ್ಮೆ ಸತ್ತು ನೀರಲ್ಲಿ ಕೊಳೆತಿತ್ತು. ಇನ್ನೊಂದು ಸಲ ಏನಾಗಿತ್ತೋ ಯಾರಿಗೂ ತಿಳಿಯಲಿಲ್ಲ, ಯಾರೂ ಕೇಳಲೂ ಇಲ್ಲ. ಹುಳ ಇಲ್ಲ ಅಂದರೆ ಇಲ್ಲ.

ಅತ್ತೆಯ ಕಣ್ಣು ಮಂಜಾದಾಗ ಕಲ್ಲು ಸೊಸೆಗೆ ಬಂತು. ಮೊದಲ ದಿನ ಅತ್ತೆ ಮೆಟ್ಟಿಲ ಮೇಲೆ ಕೂತು ಕೈಚಾಚಿದಳು. ಸೊಸೆ ಒಂದೊಂದೇ ಹುಳವನ್ನು ಅಂಗೈಗೆ ಬಿಟ್ಟಳು. ಅತ್ತೆ ಬೆರಳ ತುದಿಯಿಂದ ಮುಟ್ಟಿ ಹೇಳಿದಳು.

"ಇದು ಎರಡು ಬಾಲದ್ದು. ದೊಡ್ಡ ಮನೆತನದ ಹೆಣ್ಣಿನ ಹಾಗೆ, ಒಂದು ಮಾತೂ ಸಹಿಸಲ್ಲ. ನೀರು ಕೆಡೋಕೆ ಮೊದಲು ಇದು ಹೋಗುತ್ತೆ. ಇದು ಮರಳಂಗಿ. ಮರಳು ಕಾಳು ಪೋಣಿಸಿ ಅಂಗಿ ಹೊಲಕೊಂಡು ಅದರೊಳಗೇ ಇರುತ್ತೆ. ಎರಡನೇದಾಗಿ ಇದು ಹೋಗುತ್ತೆ. ಮೂರು ಬಾಲದವರು ಕೊನೇಲಿ. ಅವರೂ ಹೋದರೆ ಬರೋರು ಕೆಂಪು ಹುಳ, ಜಿಗಣೆ. ಅವಕ್ಕೆ ಮಾನ ಮರ್ಯಾದೆ ಇಲ್ಲ, ಯಾರು ಏನು ಹಾಕಿದರೂ ತಿಂದು ಕೊಬ್ಬುತ್ತವೆ."

"ನೀರು ತಿಳಿಯಾಗೇ ಇದೆಯಲ್ಲ ಅತ್ತೆ. ನೋಡಿದರೇ ಗೊತ್ತಾಗಲ್ಲವಾ?"

"ನೀನು ನೋಡೋದು ಈ ಗಳಿಗೆಯ ನೀರು. ಹುಳ ನೋಡಿರೋದು ಇಡೀ ವರ್ಷದ ನೀರು. ನಿನ್ನೆ ಹರಿದು ಹೋಗಿದ್ದನ್ನ ನೀರು ನೆನಪಿಟ್ಟುಕೊಳ್ಳಲ್ಲ. ಹುಳದ ಮೈ ನೆನಪಿಟ್ಟುಕೊಳ್ಳುತ್ತೆ."

"ಮೀನನ್ನ ಕೇಳಬಹುದಿತ್ತು. ಕಣ್ಣಿಗಾದರೂ ಕಾಣುತ್ತೆ."

"ಮೀನು ಗಂಡಸರ ಜಾತಿ. ಇಲ್ಲಿ ಕೆಟ್ಟರೆ ಇನ್ನೊಂದು ಕಡೆ ಹೋಗುತ್ತೆ, ಸರಿ ಹೋದ ಮೇಲೆ ಏನೂ ಆಗದ ಹಾಗೆ ಬರುತ್ತೆ. ಹುಳ ಎಲ್ಲಿಗೆ ಹೋಗುತ್ತೆ? ಕೊಟ್ಟ ಮನೆ, ಕಚ್ಚಿಕೊಂಡ ಕಲ್ಲು. ನಾವು ಇದ್ದ ಹಾಗೆ." ಅತ್ತೆ ಅಂಗೈಯನ್ನು ನೀರಲ್ಲಿ ಅದ್ದಿ ಹುಳಗಳನ್ನು ಬಿಟ್ಟಳು. "ಅದಕ್ಕೇ ಅದರ ಸಾಕ್ಷಿ ನಡೆಯೋದು."

ಸೊಸೆಗೆ ಆರು ವರ್ಷದ ಮಗಳಿದ್ದಳು. ತಾಯಿ ಕಪ್ಪು ಕಲ್ಲು ಮಗುಚುವಾಗ ಮಗಳು ಮೆಟ್ಟಿಲ ಬುಡದಲ್ಲಿ ಕೂತು ತನ್ನದೇ ಒಂದು ಕಲ್ಲು ಮಗುಚುತ್ತಿದ್ದಳು. ಅದು ಅವಳ ಅಂಗೈಯಷ್ಟೇ ಇದ್ದ ಬಿಳಿ ಕಲ್ಲು. ತಾಯಿ ದೊಡ್ಡ ದನಿಯಲ್ಲಿ ಕೂಗಿದ ಮೇಲೆ ಮಗಳು ಸಣ್ಣ ದನಿಯಲ್ಲಿ ಕೂಗುತ್ತಿದ್ದಳು. "ನನ್ನ ಮನೇಲೂ ಇದ್ದಾರೆ! ಇಬ್ಬರು! ಒಬ್ಬಳು ಬಸುರಿ!"

"ಹುಳ ಬಸುರಿಯಾಗಲ್ಲ ಕಣೇ," ಎಂದು ಊರು ನಗುತ್ತಿತ್ತು. "ಅದು ಇನ್ನೂ ಮಗು."

"ಹಾಗಾದರೆ ದೊಡ್ಡದಾದ ಮೇಲೆ ಏನಾಗುತ್ತೆ?"

ಅಜ್ಜಿ ಹೇಳಿದಳು. "ವರ್ಷವೆಲ್ಲಾ ಕಲ್ಲಿನ ಕೆಳಗೆ ಇರುತ್ತೆ. ಒಂದು ದಿನ ಮೇಲೆ ಬಂದು ಅಂಗಿ ಕಳಚಿ ಹಾಕುತ್ತೆ. ರೆಕ್ಕೆ ಬರುತ್ತೆ. ಹಾರುತ್ತೆ."

"ಆಮೇಲೆ?"

"ಆಮೇಲೆ ಒಂದೇ ದಿನ. ರೆಕ್ಕೆ ಬಂದ ಮೇಲೆ ಅದಕ್ಕೆ ಬಾಯಿ ಇರಲ್ಲ. ಉಣ್ಣಲ್ಲ, ಕುಡಿಯಲ್ಲ."

"ಬಾಯಾರಿದರೆ?"

"ಬಾಯೇ ಇಲ್ಲ ಅಂದ ಮೇಲೆ ಬಾಯಾರೋದು ಎಲ್ಲಿಂದ ಬಂತು, ಮಳ್ಳಿ."

ಆ ಊರಿನವರು ಅಲ್ಲಿಯತನಕ ಬಿಳಿ ಬಟ್ಟೆ ಉಡುತ್ತಿದ್ದರು. ಬಿಳಿ ಅಂದರೆ ಒಗೆದು ಒಗೆದು ಬೂದಿಯಾದ ಬಿಳಿ. ಒಂದು ವರ್ಷ ಹೊಳೆಯ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಬಣ್ಣದ ಮನೆ ಎದ್ದಿತು. ಆಳುದ್ದ ಹಂಡೆಗಳು, ಹಂಡೆಯ ತುಂಬ ಕೆಂಪು, ನೀಲಿ, ಹಳದಿ. ಬಣ್ಣದ ಯಜಮಾನ ಊರಿನ ಗಂಡಸರನ್ನೆಲ್ಲ ಕರೆದು ಕೈಗೆ ಹುಟ್ಟು ಕೊಟ್ಟ. ಕಲ್ಲು ಮಗುಚುವವಳ ಗಂಡನೂ ಹಂಡೆ ತಿರುವಲು ಹೋದ, ಮೊಣಕೈತನಕ ನೀಲಿಯಾಗಿ ಮನೆಗೆ ಬಂದ. ಮಗಳಿಗೆ ಕೆಂಪು ಲಂಗ ತಂದ. ಆ ವರ್ಷ ಮೆಟ್ಟಿಲ ಮೇಲೆ ನಿಂತ ಊರು ಹೂವಿನ ತಟ್ಟೆಯ ಹಾಗೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಕಾಣುತ್ತಿತ್ತು.

ಹಂಡೆಯ ಹಳೇ ನೀರನ್ನು ಊರು ಮಲಗಿದ ಮೇಲೆ ಹೊಳೆಗೆ ಬಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಕೆಳಗೆ ಹರಿದು ಹೋಗಿ ಹೊಳೆ ಕನ್ನಡಿಯ ಹಾಗೆ ತಿಳಿಯಾಗಿರುತ್ತಿತ್ತು.

ಮಾಗಿಯಲ್ಲಿ ಎರಡು ಬಾಲದವು ಹೋದವು. ಬೇಸಗೆಯಲ್ಲಿ ಮರಳಂಗಿಗಳು ಹೋದವು. ಖಾಲಿ ಅಂಗಿಗಳು ಮಾತ್ರ ಕಲ್ಲಿಗೆ ಅಂಟಿಕೊಂಡು ಉಳಿದವು. ಒಂದು ಬೆಳಗ್ಗೆ ಅವಳು ಕಲ್ಲು ಮಗುಚಿದಳು. ಕಲ್ಲಿನ ಹೊಟ್ಟೆ ಬೋಳಾಗಿತ್ತು. ಕೆಳಗಿನ ಕೆಸರಲ್ಲಿ ದಾರದ ತುಂಡಿನಂಥ ಕೆಂಪು ಹುಳಗಳು ತಲೆ ಆಡಿಸುತ್ತಿದ್ದವು.

"ಮನೆ ಖಾಲಿ," ಎಂದು ಕೂಗಿದಳು.

ಊರು ಎದುರು ಮಾತಾಡಲಿಲ್ಲ. ಕೊಡ ಎತ್ತಿಕೊಂಡು ಗುಡ್ಡಕ್ಕೆ ನಡೆಯಿತು. ಮಾರನೆಯ ದಿನವೂ ನಡೆಯಿತು. ಐದನೆಯ ದಿನ ಯಾರೋ ಹಿಂದಿನಿಂದ ಅಂದರು, "ಇನ್ನೊಂದು ಕಲ್ಲು ನೋಡೇ ತಾಯಿ."

ನೇಮದಲ್ಲಿ ಇಲ್ಲದ ಮಾತು ಅದು. ಆದರೂ ಅವಳು ಇನ್ನೊಂದು ಕಲ್ಲು ನೋಡಿದಳು. ಅದರ ಕೆಳಗೆ ಜಿಗಣೆ ಇತ್ತು.

ಎಂಟನೆಯ ದಿನ ಊರಿನ ಹಿರಿಯ ಮೀಸೆ ತಿರುವಿಕೊಂಡು ಅಂದ, "ನೀರು ಹಾಲಿನ ಹಾಗಿದೆ. ನಿನ್ನ ಕಣ್ಣಿಗೂ ಅತ್ತೆಯ ಮಂಜು ಅಂಟಿತೋ ಏನೋ. ಇನ್ನೊಂದು ಕಲ್ಲು ನೋಡು."

ಬಣ್ಣದ ಯಜಮಾನ ಒಂದು ದಿನವೂ ಗದರಲಿಲ್ಲ. ಬಂದು ಕೈಮುಗಿದು ನಿಂತ. "ನಿಮ್ಮ ನೇಮಕ್ಕೆ ನಾನು ಅಡ್ಡ ಬರಲ್ಲ ತಾಯಿ. ಸುಳ್ಳು ಹೇಳಿ ಅಂತಲೂ ಅನ್ನಲ್ಲ. ಹೊಳೆ ತುಂಬ ಕಲ್ಲಿದೆ. ಇನ್ನೊಂದು ನೋಡಿ ಅಷ್ಟೆ."

ಹೀಗೆ, ಸುಳ್ಳು ಹೇಳು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಊರಿಗೆ ಊರೇ ಇನ್ನೊಂದು ಕಲ್ಲು ನೋಡು ಎಂದಿತು.

ಹನ್ನೆರಡನೆಯ ದಿನ ಪಕ್ಕದ ಮನೆಯ ಬಸುರಿ ಒರತೆಯ ದಾರಿಯಲ್ಲಿ ಕಾಲು ಜಾರಿ ಬಿದ್ದಳು. ಕೊಡ ನೆಗ್ಗಿತು. ಅವಳನ್ನು ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ತಂದರು. ಏಳು ತಿಂಗಳ ಹೊಟ್ಟೆ ಅಂದೇ ಇಳಿಯಿತು. ಆ ಮನೆಯ ಮುದುಕಿ ಬಾಗಿಲಲ್ಲಿ ನಿಂತು, ಕಲ್ಲು ಮಗುಚುವವಳು ಹಾದು ಹೋಗುವಾಗ ಕೇಳುವ ಹಾಗೆ ಅಂದಳು, "ಕೆಲವರ ಬಾಯಲ್ಲಿ ಒಂದು ಒಳ್ಳೇ ಮಾತು ಬಂದಿದ್ದರೆ ನಮ್ಮನೇಲಿ ತೊಟ್ಟಿಲು ತೂಗುತ್ತಿತ್ತು."

ಕಲ್ಲು ಮಗುಚುವವಳು ಕೊಡ ಎತ್ತಿಕೊಂಡು ಒಬ್ಬಳೇ ಒರತೆಗೆ ಹೋದಳು. ನೀರು ತುಂಬುವಾಗ ಕೊಡದೊಳಗೆ ಒಂದು ಹಿಡಿ ಪಾಚಿ ಬಂತು. ಪಾಚಿಯಲ್ಲಿ ಮೂರು ಬಾಲದವು ನಾಲ್ಕು ಇದ್ದವು.

ಅವಳು ಅವನ್ನು ತೆಗೆದು ಒರತೆಗೆ ಬಿಡಬೇಕಿತ್ತು. ಬಿಡಲಿಲ್ಲ.

ಮಾರನೆಯ ಬೆಳಗ್ಗೆ ಊರು ಬಾಗಿಲು ತೆಗೆಯುವ ಮುಂಚೆ ಹೊಳೆಗೆ ಇಳಿದು, ಕಪ್ಪು ಕಲ್ಲಿನ ಹೊಟ್ಟೆಗೆ ಪಾಚಿ ಒತ್ತಿ, ಹುಳಗಳನ್ನು ಅಲ್ಲಿಗೆ ಬಿಟ್ಟು, ಕಲ್ಲು ಮುಚ್ಚಿ ಬಂದಳು. ಆಮೇಲೆ ಊರು ಬಂತು. ಅವಳು ಕಲ್ಲು ಮಗುಚಿದಳು. ನಾಲ್ಕೂ ಬೆಳಕಿಗೆ ಬೆದರಿ ಓಡಿದವು.

"ಮೂರು ಬಾಲದವರು ಮನೆಯಲ್ಲಿದ್ದಾರೆ!"

"ಹಾಗಾದರೆ ನಾವೂ ಇದ್ದೇವೆ!" ಊರು ಕುಣಿದಾಡಿತು. ಕೊಡಗಳು ಒಂದರ ಮೇಲೊಂದು ಬಿದ್ದು ನೀರಿಗೆ ಇಳಿದವು. ಮಗು ಕಳೆದುಕೊಂಡ ಮನೆಯ ಮುದುಕಿ ಬಂದು ಅವಳ ಗಲ್ಲ ಸವರಿ ನೆಟಿಗೆ ಮುರಿದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೂರು ಬಾಲದವರು ಮನೆಯಲ್ಲಿದ್ದರು. ಸಂಜೆಯ ಹೊತ್ತಿಗೆ ಸತ್ತಿದ್ದರು. ಅದನ್ನು ಕೂಗಿ ಹೇಳಬೇಕೆಂದು ನೇಮದಲ್ಲಿ ಇರಲಿಲ್ಲ.

ಅಂದಿನಿಂದ ದಿನವೂ ಮಧ್ಯಾಹ್ನ ಸೌದೆಗೆ ಹೋಗುತ್ತೇನೆ ಎಂದು ಹೇಳಿ ಒರತೆಗೆ ಹೋದಳು. ದಿನವೂ ಒಂದು ಹಿಡಿ ಪಾಚಿ, ನಾಲ್ಕು ಹುಳ ತಂದಳು. ದಿನವೂ ಬೆಳಗಾಗುವ ಮೊದಲು ಕಲ್ಲಿನ ಕೆಳಗೆ ಇಟ್ಟಳು. ಕೊಡದಲ್ಲಿ ಉಳಿದ ಒರತೆಯ ನೀರನ್ನು ಸೋಸಿ ಒಂದು ಮಡಕೆಯಲ್ಲಿ ಮುಚ್ಚಿಟ್ಟು ಮಗಳಿಗೆ ಅದನ್ನೇ ಕುಡಿಸಿದಳು.

"ಎಲ್ಲರಿಗೂ ಹೊಳೆ ನೀರು, ನನಗ್ಯಾಕಮ್ಮ ಮಡಕೆ ನೀರು?"

"ನಿನ್ನದು ನೆಗಡಿ ಗಂಟಲು."

"ನನಗೆ ನೆಗಡಿ ಇಲ್ಲವಲ್ಲ."

"ಮಡಕೆ ನೀರು ಕುಡೀತಿದ್ದೀಯ, ಅದಕ್ಕೇ ಇಲ್ಲ. ಬಾಯಿ ಮುಚ್ಚಿಕೊಂಡು ಕುಡಿ."

"ಬಾಯಿ ಮುಚ್ಚಿಕೊಂಡು ಹೇಗಮ್ಮ ಕುಡಿಯೋದು?"

ಅವಳಿಗೆ ನಗು ಬಂತು. ಆ ಮನೆಯಲ್ಲಿ ಅವಳು ನಕ್ಕಿದ್ದು ಅದೇ ಕೊನೆ.

ಒಂದು ದಿನ ಅತ್ತೆ ಮೆಟ್ಟಿಲ ಮೇಲೆ ಕೂತು ಕೈಚಾಚಿದಳು. "ಬಹಳ ದಿನ ಆಯಿತು. ಒಂದನ್ನ ಕೊಡು, ಮುಟ್ಟಿ ನೋಡುತ್ತೇನೆ." ಇಲ್ಲ ಎನ್ನಲಾಗಲಿಲ್ಲ. ಸೊಸೆ ಒಂದು ಹುಳವನ್ನು ಅಂಗೈಗೆ ಬಿಟ್ಟಳು. ಅತ್ತೆಯ ಬೆರಳು ಅದರ ಬೆನ್ನ ಮೇಲೆ ನಿಂತುಬಿಟ್ಟಿತು.

"ನಮ್ಮ ಹೊಳೆಯದ್ದು ಅಗಲ ಇರುತ್ತೆ. ಇದು ಸಣಕಲು. ಇದರ ಕಾಲಲ್ಲಿ ಗುಡ್ಡದ ಥಂಡಿ ಇದೆ." ಅತ್ತೆ ದನಿ ತಗ್ಗಿಸಿದಳು. "ನೆಂಟರನ್ನ ತಂದು ಕೂರಿಸಿ, ಮನೆಯವರಿದ್ದಾರೆ ಅಂತ ಕೂಗಿದೆಯಾ?"

"ಆ ಹುಡುಗಿಯ ಮಗು ಹೋಯಿತಲ್ಲ ಅತ್ತೆ."

"ಹೋಯಿತು."

"ಇನ್ನೂ ಮೂರು ಜನ ಬಸುರಿಯರಿದ್ದಾರೆ. ಎಲ್ಲರನ್ನೂ ಗುಡ್ಡ ಹತ್ತಿಸಲಾ?"

ಅತ್ತೆಗೆ ಉತ್ತರ ಗೊತ್ತಿತ್ತು. ಆದರೆ ಅವಳೂ ಆ ಊರಿನಲ್ಲಿ ಬಾಳಿದವಳು, ಅವಳ ಮೈಮೇಲೂ ಹಳದಿ ಸೀರೆ ಇತ್ತು. ಹುಳವನ್ನು ನೀರಿಗೆ ಬಿಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಹೋದಳು. ಅಂದಿನಿಂದ ಮೆಟ್ಟಿಲಿಗೆ ಬರಲಿಲ್ಲ.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಊರಿನ ಕೂಗು ಮುಗಿದ ಮೇಲೆ ಮಗಳ ಸಣ್ಣ ದನಿ ಕೇಳಲಿಲ್ಲ. ತಾಯಿ ತಿರುಗಿ ನೋಡಿದಳು. ಮಗಳು ಬಿಳಿ ಕಲ್ಲನ್ನು ಮಗುಚಿ ಹಿಡಿದು ಕೂತಿದ್ದಳು.

"ಅಮ್ಮಾ, ನನ್ನ ಮನೇಲಿ ಯಾರೂ ಇಲ್ಲ. ನಿನ್ನೆಯೂ ಇರಲಿಲ್ಲ. ಮೊನ್ನೆಯೂ ಇರಲಿಲ್ಲ, ಸುಮ್ಮನೆ ಕೂಗುತ್ತಿದ್ದೆ."

ಊರು ನಿಂತು ಕೇಳುತ್ತಿತ್ತು. ಹಿರಿಯ ಕೇಳುತ್ತಿದ್ದ. ಮೂವರು ಬಸುರಿಯರು ಕೊಡ ಸೊಂಟಕ್ಕೆ ಇಟ್ಟುಕೊಂಡು ಕೇಳುತ್ತಿದ್ದರು. ಕಲ್ಲು ಮಗುಚುವವಳ ಬಾಯಿಗೆ ಒಂದು ಮಾತು ತಾನಾಗಿಯೇ ಬಂತು. ಅಷ್ಟು ಸಲ ಕೇಳಿದ ಮಾತು, ನಾಲಗೆಯ ಮೇಲೇ ಕೂತಿತ್ತು.

"ಇನ್ನೊಂದು ಕಲ್ಲು ನೋಡು," ಎಂದಳು.

ಮಗಳು ತಲೆಯಾಡಿಸಿದಳು. ಬಿಳಿ ಕಲ್ಲನ್ನು ಮೊದಲಿದ್ದ ಹಾಗೆಯೇ ಇಟ್ಟಳು, ಒಂದು ಬೆರಳು ಆಚೆಗಿಲ್ಲ, ಒಂದು ಬೆರಳು ಈಚೆಗಿಲ್ಲ. ಇನ್ನೊಂದು ಕಲ್ಲು ನೋಡಲಿಲ್ಲ. ತಾಯಿ ನೋಡಿಯಾಗಿದೆ, ತಾಯಿ ಕೂಗಿಯಾಗಿದೆ, ಇನ್ನು ನೋಡುವುದೇನಿದೆ ಎಂದುಕೊಂಡಳು. ಕೆಂಪು ಲಂಗವನ್ನು ಎತ್ತಿ ಹಿಡಿದು, ಬಗ್ಗಿ, ಎರಡೂ ಕೈ ಬೊಗಸೆ ಮಾಡಿ, ಊರಿನ ಎಲ್ಲ ಮಕ್ಕಳ ಜೊತೆ ಹೊಳೆಯ ನೀರು ಕುಡಿದಳು. ತಾಯಿ ನಡು ಹೊಳೆಯಿಂದ ಓಡಿ ಬರುವಷ್ಟರಲ್ಲಿ ಮೂರು ಬೊಗಸೆ ಆಗಿತ್ತು.

"ಯಾಕೆ ಕುಡಿದೆ?" ತಾಯಿ ರಟ್ಟೆ ಹಿಡಿದು ಅಲ್ಲಾಡಿಸಿದಳು.

"ನೀನೇ ಕೂಗಿದೆಯಲ್ಲಮ್ಮ," ಎಂದಳು ಮಗಳು.

ಆಮೇಲೆ ಗೊತ್ತಾಯಿತು, ಅವಳು ಬಹಳ ದಿನದಿಂದ ಕುಡಿಯುತ್ತಿದ್ದಳು. ಕೂಗು ಮುಗಿದ ಮೇಲೆ ತಾಯಿ ಬೆನ್ನು ತಿರುಗಿಸಿ ಕಲ್ಲು ಮುಚ್ಚುವ ಹೊತ್ತಿನಲ್ಲಿ, ದಿನವೂ ಮೂರು ಬೊಗಸೆ. ಮಡಕೆ ನೀರು ರೋಗದವರಿಗೆ ಎಂದುಕೊಂಡಿದ್ದಳು. ಅವಳಿಗೆ ಎಲ್ಲರ ಹಾಗೆ ಇರಬೇಕಿತ್ತು.

ಮೊದಲು ಉಗುರು ಕಪ್ಪಾಯಿತು. ಆಮೇಲೆ ಕಾಲು ಸೋತಿತು. ಊರಿನ ಇತರ ಮಕ್ಕಳಿಗೂ ಹೊಟ್ಟೆ ಉಬ್ಬಿತು, ಕೂದಲು ಉದುರಿತು. ಆ ಮನೆಗಳವರು ದೃಷ್ಟಿ ಎಂದರು, ಗಾಳಿ ಎಂದರು, ಹೊಸ ಅಕ್ಕಿ ಎಂದರು. ನೀರು ಎಂದು ಒಬ್ಬರೂ ಅನ್ನಲಿಲ್ಲ. ಮೂರು ಬಾಲದವರು ಮನೆಯಲ್ಲಿದ್ದರಲ್ಲ.

ಕಲ್ಲು ಮಗುಚುವವಳು ಒರತೆಯ ನೀರನ್ನು ಚಮಚದಲ್ಲಿ ಹಿಡಿದು ಹಗಲೆಲ್ಲ ಮಗಳ ತಲೆಯ ಬಳಿ ಕೂತಳು. ಗಂಡ ನೀಲಿ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಬಾಗಿಲಲ್ಲಿ ಕೂತ. ಒಂಬತ್ತನೆಯ ದಿನ ಮಗಳು ಚಮಚದಿಂದ ಮುಖ ತಿರುಗಿಸಿದಳು.

"ಒಂದು ಗುಟುಕು, ನನ್ನವ್ವ."

"ಬೇಡ."

"ಬಾಯಾರಿಲ್ಲವಾ?"

ಮಗಳು ಇಲ್ಲ ಎಂದು ತಲೆಯಾಡಿಸಿದಳು. ಒಳಗಿನ ಕೋಣೆಯಲ್ಲಿ ಅಜ್ಜಿ ಅದನ್ನು ಕೇಳಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಒಂದೇ ದಿನ. ಮಾರನೆಯ ಬೆಳಗಿಗೆ ಅವಳಿರಲಿಲ್ಲ.

ಮೂರನೆಯ ದಿನ ಊರು ಕೊಡ ಹಿಡಿದು ಮೆಟ್ಟಿಲ ಮೇಲೆ ನಿಂತಿತು. ಸಾವಿನ ಮನೆಯವಳು ಬರುತ್ತಾಳೋ ಇಲ್ಲವೋ ಎಂದು ಕಾದರು. ಅವಳು ಬಂದಳು. ಅಂದು ಬೆಳಗಾಗುವ ಮೊದಲು ಹೊಳೆಗೆ ಇಳಿದಿರಲಿಲ್ಲ, ಕೈಯಲ್ಲಿ ಪಾಚಿ ಇರಲಿಲ್ಲ. ಸೀರೆ ಎತ್ತಿ ಕಟ್ಟದೆ ನೀರಿಗೆ ಇಳಿದಳು. ಕಪ್ಪು ಕಲ್ಲು ಮಗುಚಿದಳು.

"ಮನೆ ಖಾಲಿ," ಎಂದಳು. "ಬೇಸಗೆಯಿಂದ ಖಾಲಿ. ನಾನು ಒರತೆಯಿಂದ ತಂದು ತುಂಬುತ್ತಿದ್ದೆ."

ಊರು ಅಲುಗಲಿಲ್ಲ. ಬಣ್ಣದ ಸೀರೆಗಳು, ಬಣ್ಣದ ಪೇಟಗಳು, ಬಣ್ಣದ ಲಂಗಗಳು. ಹಿರಿಯ ಗಂಟಲು ಸರಿಮಾಡಿಕೊಂಡ. "ದುಃಖದಲ್ಲಿ ಮಾತಾಡುತ್ತಿದ್ದೀಯ ತಾಯಿ. ಮಗು ಕಳಕೊಂಡವಳ ಕಣ್ಣಿಗೆ ಎಲ್ಲಾ ಖಾಲಿಯೇ. ಇನ್ನೊಂದು ಕಲ್ಲು ನೋಡು."

ಅವಳು ಕಪ್ಪು ಕಲ್ಲನ್ನು ಮುಚ್ಚಿದಳು. ನಡೆದು ಬಂದು ಮೆಟ್ಟಿಲ ಬುಡದಲ್ಲಿ ಬಗ್ಗಿ ಅಂಗೈಯಷ್ಟಿದ್ದ ಬಿಳಿ ಕಲ್ಲನ್ನು ಎತ್ತಿದಳು. ಅದರ ಬೋಳು ಹೊಟ್ಟೆಯನ್ನು ಊರಿಗೆ ತೋರಿಸುತ್ತ ಮೆಟ್ಟಿಲು ಹತ್ತಿದಳು. ಹಿರಿಯನ ಮುಖದ ಮುಂದೆ ಹಿಡಿದಳು. ಬಣ್ಣದ ಯಜಮಾನನ ಮುಂದೆ ಹಿಡಿದಳು. ತನ್ನ ಗಂಡನ ಮುಂದೆ ಹಿಡಿದಳು. ಮೂವರು ಬಸುರಿಯರ ಮುಂದೆ ಒಂದೊಂದು ಗಳಿಗೆ ಹಿಡಿದಳು.

"ಇದನ್ನ ನನ್ನ ಮಗಳು ನೋಡಿದ್ದಳು," ಎಂದಳು. "ನಿಮ್ಮೆಲ್ಲರ ಎದುರಿಗೆ ಹೇಳಿದ್ದಳು. ಇನ್ನೊಂದು ಕಲ್ಲು ನೋಡು ಅಂತ ನಾನೇ ಅಂದೆ."

ಒರತೆಯ ದಾರಿಯಲ್ಲಿ ಬಿದ್ದು ಮಗು ಕಳೆದುಕೊಂಡವಳು ಮುಂದೆ ಬಂದಳು. ಕೊಡವನ್ನು ಕಲ್ಲು ಮಗುಚುವವಳ ಕಾಲ ಬಳಿ ಬೋರಲು ಹಾಕಿದಳು. ಆಮೇಲೆ ಇನ್ನೊಬ್ಬಳು ಹಾಕಿದಳು. ಹಿತ್ತಾಳೆ ಕೊಡ ಕಲ್ಲಿಗೆ ತಾಗುವ ಸದ್ದು ಮೆಟ್ಟಿಲ ಮೇಲಿಂದ ಕೆಳಗಿನತನಕ ಒಂದೊಂದಾಗಿ ಬಂತು. ಕೆಲವರು ಹಾಕಲಿಲ್ಲ, ಕೊಡ ಅಪ್ಪಿಕೊಂಡು ಮನೆಗೆ ಹೋದರು.

ಬಣ್ಣದ ಮನೆ ಒಂದೇ ದಿನಕ್ಕೆ ಹೋಗಲಿಲ್ಲ. ಹೋಗಲು ಎರಡು ವರ್ಷ ಬೇಕಾಯಿತು. ಹೋದ ಮೇಲೆ ಇನ್ನೊಂದು ಹೊಳೆಯ ದಡದಲ್ಲಿ ಎದ್ದಿತು ಎಂದು ಕೇಳಿದವರಿದ್ದಾರೆ. ಸೀರೆಗಳ ಬಣ್ಣ ತಿಂಗಳಾದ ಮೇಲೆ ತಿಂಗಳು ಬಿಟ್ಟಿತು, ಊರು ಮತ್ತೆ ಬೂದಿಯಾಯಿತು. ಒರತೆಯಲ್ಲೂ ಮೂರು ಬಾಲದವರು ಬಹಳ ಉಳಿದಿರಲಿಲ್ಲ. ಅವಳು ದಿನಕ್ಕೆ ನಾಲ್ಕರಂತೆ ತೆಗೆದಿದ್ದಳು.

ಅವಳಿಂದ ಯಾರೂ ಕಲ್ಲು ಕಿತ್ತುಕೊಳ್ಳಲಿಲ್ಲ. ಕ್ಷಮಿಸಿದರು ಎಂದಲ್ಲ. ಸುಳ್ಳಿನ ರುಚಿ ನೋಡಿ ಉಗುಳಿದವಳು ಇನ್ನು ಅದನ್ನು ಬಾಯಿಗೆ ಇಡುವುದಿಲ್ಲ ಎಂದು ಮುದುಕಿಯರು ಹೇಳಿದರು. ಬೆಳಗಾದರೆ ಅವಳು ಹೊಳೆಗೆ ಇಳಿಯುತ್ತಾಳೆ, ಕಪ್ಪು ಕಲ್ಲು ಮಗುಚುತ್ತಾಳೆ, "ಮನೆ ಖಾಲಿ" ಎಂದು ಕೂಗುತ್ತಾಳೆ. ಊರು ಗುಡ್ಡಕ್ಕೆ ನಡೆಯುತ್ತದೆ. ಬಸುರಿಯರ ಕೊಡವನ್ನು ಈಗ ಗಂಡಸರು ಹೊರುತ್ತಾರೆ. ಅಷ್ಟು ಮೊದಲೇ ಹೊಳೆದಿದ್ದರೆ ಅಂದು ಯಾರೂ ಬೀಳುತ್ತಿರಲಿಲ್ಲ.

ಊರು ಹೋದ ಮೇಲೆ ಅವಳು ಮೆಟ್ಟಿಲ ಬುಡದಲ್ಲಿ ಕೂತು ಬಿಳಿ ಕಲ್ಲನ್ನೂ ಮಗುಚುತ್ತಾಳೆ. ಅದರ ಹೊಟ್ಟೆ ನೋಡುತ್ತಾಳೆ. ಅದಕ್ಕೆ ಕೂಗು ಇಲ್ಲ. ಬೆರಳಿನಿಂದ ಕೆಸರು ಒರೆಸಿ, ಮೊದಲಿದ್ದ ಹಾಗೆಯೇ ಇಡುತ್ತಾಳೆ, ಒಂದು ಬೆರಳು ಆಚೆಗಿಲ್ಲ, ಒಂದು ಬೆರಳು ಈಚೆಗಿಲ್ಲ. ಮೂರು ಬಾಲದವರು ಯಾರಾದರೂ ತಿರುಗಿ ಬಂದರೆ, ಬಂದ ದಿನ ತಲೆಯ ಮೇಲೆ ನೆರಳು ಇರಬೇಕು.